ನಲವತ್ತೇಳನೇ ನಂಬರ್ ಮನೆ

ಕೆಡವಲು ಬಂದ ಜೆಸಿಬಿ ಸೀದಾ ಮುನಿಶಾಮಮ್ಮನ ಬಾಗಿಲಿಗೇ ಬಂದು ನಿಂತಿತು.

"ಇಷ್ಟುದ್ದ ಲೈನ್ ಬಿಟ್ಟು ನಮ್ಮನೇನೇ ಯಾಕೆ ಸಾಮಿ ಮೊದ್ಲು?" ಜೊತೆಗೆ ಬಂದಿದ್ದ ಮೇಸ್ತ್ರಿಯನ್ನು ಅವಳು ಕೇಳಿದಳು.

ಚಾಂಪಿಯನ್ ರೀಫ್ಸಿನ ಆ ಕಾರ್ಮಿಕರ ಮನೆಸಾಲಿನವರೆಲ್ಲ ಗೋಡೆಗೆ ಟೈಲ್ಸ್ ಹಾಕಿಸಿ, ಚಿನ್ನದ ಗಣಿ ನಡೆಯುತ್ತಿದ್ದ ಕಾಲದ ಮನೆ ನಂಬರನ್ನು ಮುಚ್ಚಿಬಿಟ್ಟಿದ್ದರು. ಇವಳೊಬ್ಬಳೇ ಹಳೆಯ ಗುರುತು ಉಳಿಯಲೆಂದು ಪ್ರತಿ ಯುಗಾದಿಗೂ ಸುಣ್ಣ ಬಳಿದು, ತೀರಿಹೋದ ಗಂಡ ಬರೆಯುತ್ತಿದ್ದ ಹಾಗೆಯೇ ಕರಿ ಬಣ್ಣದಲ್ಲಿ 47 ಎಂದು ತಿದ್ದುತ್ತಿದ್ದಳು.

ಮೇಸ್ತ್ರಿ ಕೆಡವಬೇಕಾದ ಮನೆಗಳ ಪಟ್ಟಿ ತೋರಿಸಿದ. "ಇದ್ರಾಗಿರೋದೆಲ್ಲ ಹಳೇ ನಂಬರೇ ಕಣಮ್ಮಾ. ಮಿಕ್ಕಿದ್ ಮನೆ ಯಾವ್ಯಾವ್ದು ಅಂತ ವಿಚಾರಿಸ್ಕೊಂಡು ಓಗ್ಬೇಕು. ನಿಂದೊಂದೇ ನೋಡಿದ ತಕ್ಷಣ ಗೊತ್ತಾಯ್ತು."

ಮುನಿಶಾಮಮ್ಮ ಸೆರಗಿಗೆ ಎಂಜಲು ಹಚ್ಚಿ ಗೋಡೆ ಉಜ್ಜತೊಡಗಿದಳು. ಉಜ್ಜಿದಷ್ಟೂ ಧೂಳು ಹೋಗಿ, ನಂಬರು ಇನ್ನಷ್ಟು ಕಪ್ಪಗೆ ಹೊಳೆಯಿತು.