ಸೋಂಪಿನ ತಟ್ಟೆ

ಪ್ರವಾಸಿಗಳಲ್ಲಿ ಒಬ್ಬಾಕೆ ಹಸಿ ಸೋಂಪುಗೆಡ್ಡೆಯ ತುಂಡಿಗೆ ಕೈ ಚಾಚುವಷ್ಟರಲ್ಲಿ ಗೈಡ್ ವಿನ್ಚೆನ್ಸಾ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. "ಇದು ಆಮೇಲೆ. ಮೊದಲು ವೈನ್," ಎಂದು ನಕ್ಕಳು. ಡೆನ್ಮಾರ್ಕಿನಿಂದ ಬಂದಿದ್ದ ಹನ್ನೆರಡು ಜನರೂ ತಲೆಯಾಡಿಸಿದರು. ಇಟಲಿಯ ಮೊನೋಪೊಲಿ ಬಂದರಿನ ಹಿಂದಿದ್ದ ಆ ವೈನ್ ನೆಲಮಾಳಿಗೆಯ ಒಡೆಯ, ಮುದುಕ ಒನೋಫ್ರಿಯೊ ಮಾತ್ರ ಜಗ್ಗು ಹಿಡಿದು ನಿಂತೇ ಇದ್ದ. ಸೋಂಪು ಅಗಿದ ನಾಲಿಗೆಗೆ ಹುಳಿ ಹಿಡಿದ ವೈನೂ ರುಚಿ ಎನಿಸುತ್ತದೆಂದು ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಪ್ರವಾಸಿಗಳಿಗಷ್ಟೇ ಗೊತ್ತಿಲ್ಲ.

"ಏನಮ್ಮ, ನನ್ನ ಮೇಲೇ ಅನುಮಾನಾನಾ?" ಅವನು ಊರಿನ ಮಾತಿನಲ್ಲಿ ಮೆಲ್ಲಗೆ ಕೇಳಿದ.

"ಅನುಮಾನ ಯಾಕೆ ಮಾಮ? ಬಗ್ಗಿಸಿ, ಕುಡಿದೇ ಹೇಳ್ತೀನಿ." ಒಂದು ಗುಟುಕಿಗೇ ನಾಲಿಗೆಯ ಅಂಚು ಚುರ್ರೆಂದಿತು. ಅವಳ ನಗು ಮಾತ್ರ ಕದಲಲಿಲ್ಲ. "ಉಪ್ಪಿನಕಾಯಿ ಹಾಕೋಕೆ ಚೆನ್ನಾಗಿದೆ," ಎಂದು ಲೋಟ ಕೆಳಗಿಟ್ಟಳು.

ಮುದುಕನ ಮುಖ ಬಿಗಿಯಾಯಿತು. "ನಿಮ್ಮಪ್ಪನೂ ಇಪ್ಪತ್ತು ವರ್ಷ ಇಲ್ಲಿಗೆ ಜನಾನ ಕರ್ಕೊಂಡು ಬಂದ. ಒಂದು ದಿನಾನೂ ಕೊಂಕು ತೆಗೀಲಿಲ್ಲ. ನಾನಿಟ್ಟ ಸೋಂಪನ್ನ ತಾನೇ ಮೊದಲು ಬಾಯಿಗೆ ಹಾಕ್ಕೊಳ್ತಿದ್ದ."

ಅದು ಅವಳಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ತಟ್ಟೆಯನ್ನೇ ನೋಡಿದಳು. "ಅಪ್ಪನಿಗೆ ಸೋಂಪು ಇಷ್ಟ ಮಾಮ. ನಂಗೆ ವೈನ್ ಇಷ್ಟ. ಮನೆಯವರಿಗೆ ಅಂತ ಒಳಗೆ ಇಟ್ಕೊಂಡಿದ್ದೀರಲ್ಲ, ಆ ಪೀಪಾಯಿ ತೆಗೀರಿ. ಇಲ್ಲಾಂದ್ರೆ ಪಕ್ಕದ ಓಣೀಲಿ ನಿಮ್ಮ ತಮ್ಮನ ಅಂಗಡಿ ತೆಗೆದಿದೆ."

ಮುದುಕ ಅವಳನ್ನೇ ದಿಟ್ಟಿಸಿದ. ಆಮೇಲೆ ಸೊಂಟದ ಬೀಗದಕೈ ಬಿಚ್ಚುತ್ತ ಒಳಕೋಣೆಯತ್ತ ಹೊರಟ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಸೋಂಪಿನ ತಟ್ಟೆಯನ್ನೂ ಎತ್ತಿಕೊಂಡು ಹೋದ.