ಕೊನೆಯ ಐಸು

ಸೊಸೆ ಐಸು ಬಿಡಿಸಲು ಫ್ರಿಜ್ಜಿನ ಫ್ರೀಜರಿನೊಳಗೆ ಬಿಸಿನೀರಿನ ಪಾತ್ರೆಯಿಟ್ಟು ಬಾಗಿಲು ಮುಚ್ಚುತ್ತಿದ್ದಂತೆ ಅತ್ತೆ ಹಿಂದೆ ಬಂದು ನಿಂತಳು. "ಚಾಕು ಗೀಕು ಹಾಕ್ಬೇಡ. ತೂತಾದ್ರೆ ಗ್ಯಾಸೆಲ್ಲ ಹೋಗಿ ಗುಜರಿಗೆ ಹಾಕ್ಬೇಕಾಗುತ್ತೆ. ಸಂಜೆ ಇದು ನನ್ನ ಮಗಳ ಮನೆಗೆ ಹೋಗ್ಬೇಕು."

"ಇದು ನಮ್ಮಪ್ಪ ಕೊಡಿಸಿದ್ದಲ್ವಾ, ಅತ್ತೆ?"

"ಇದ್ದಿದ್ರೆ ನಿಂಗೆ ಇನ್ನೊಂದು ಕೊಡಿಸ್ತಿದ್ದ. ಹೋಗ್ಬಿಟ್ಟ, ಏನ್ಮಾಡೋದು," ಎಂದು ಅತ್ತೆ ಮಗಳಿಗೆ ಫೋನ್ ಮಾಡಲು ಹಾಲ್‌ಗೆ ನಡೆದಳು.

ಮದುವೆಯಾದ ಹೊಸದರಲ್ಲಿ ಐಸು ಕೆರೆಯಲು ಚಾಕು ಹಿಡಿದಿದ್ದಕ್ಕೆ ಅತ್ತೆ ಕಾದ ಸೌಟಿನಿಂದ ಬಾರಿಸಿದ್ದರ ಗೆರೆ ಸೊಸೆಯ ಮುಂಗೈ ಮೇಲೆ ಇನ್ನೂ ಇತ್ತು. ಅಂದಿನಿಂದ ಪ್ರತಿ ಸಲವೂ ಹೀಗೇ: ಪ್ಲಗ್ ಕಿತ್ತು, ಬಿಸಿನೀರಿಟ್ಟು, ತಾನಾಗಿ ಬಿಡುವವರೆಗೆ ಕಾಯುವುದು. ಇವತ್ತೂ ಐಸು ದಪ್ಪ ಹಾಳೆಗಳಾಗಿ ಕಳಚಿ ಬಂತು. ಒಂದು ಚೂರೂ ಉಳಿಯದಂತೆ ತೆಗೆದು ಒಳಗೋಡೆಯನ್ನು ಒಣಬಟ್ಟೆಯಿಂದ ಒರೆಸಿದಳು. ಆಮೇಲೆ ಕಿಟಕಿ ತೆರೆದು, ತರಕಾರಿ ಚಾಕುವಿನ ತುದಿಯನ್ನು ಫ್ರೀಜರಿನ ಆ ಗೋಡೆಯ ಮೂಲೆಗೆ ಊರಿ, ಮೈಭಾರವೆಲ್ಲ ಹಾಕಿ ಅದುಮಿದಳು. ಬುಸ್ಸೆಂದಿತು.

"ಏನೇ ಅದು ಸದ್ದು?" ಹಾಲ್‌ನಿಂದ ಅತ್ತೆ ಕೂಗಿದಳು.

"ಕೊನೇ ಐಸು ಬಿಡ್ತು, ಅತ್ತೆ." ಸೊಸೆ ಚಾಕು ತೊಳೆದು ಅದರ ಜಾಗದಲ್ಲಿಟ್ಟಳು. "ನಿಮ್ಮ ಮಗಳಿಗೆ ಹುಷಾರಾಗಿ ಸಾಗಿಸೋಕೆ ಹೇಳಿ. ದಾರೀಲಿ ಎಲ್ಲಾದ್ರೂ ತಗುಲಿಸಿ ಹಾಳು ಮಾಡ್ಕೊಂಡಾರು."