ಟವೆಲ್ ಕೆಳಗಿನ ಕೈ

ಪಾಲಯ್ಯನ ಟವೆಲ್ ಕೆಳಗೆ ಯಾರದೋ ಕೈ ಇತ್ತು. ನಗರಸಭೆಯ ಜವಾನ ಚಿಕ್ಕತಿಮ್ಮಪ್ಪ ಮೆಟ್ಟಿಲ ಮೇಲಿಂದ ನೋಡಿದ. ಕಂಬ ಅಡ್ಡವಿತ್ತು. ಆಳು ಕಾಣಲಿಲ್ಲ, ಮಣಿಕಟ್ಟು ಮಾತ್ರ ಕಂಡಿತು. ಗಡಿಯಾರವಿಲ್ಲ, ಬಳೆಯಿಲ್ಲ. ಯಾರೋ ಗಂಡಸು ಎಂದುಕೊಂಡ.

ಪಾಲಯ್ಯ ನಗರಸಭೆ ಸದಸ್ಯನಾದರೂ ಕುರಿ ಸಂತೆಯ ದಲ್ಲಾಳಿ ಕಸುಬು ಬಿಟ್ಟವನಲ್ಲ. ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹೊದಿಸಿ, ಅದರಡಿ ಒಂದು ಬೆರಳಿಗೆ ಹತ್ತರ ಲೆಕ್ಕದಲ್ಲಿ ಬೆರಳು ಹಿಡಿದು ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಕೇಳುವುದು ಜಗಳ ಮಾತ್ರ. ದರ ಗೊತ್ತಿರುವುದು ಆ ಇಬ್ಬರಿಗೇ.

ಆದರೆ ನಗರಸಭೆ ಕಚೇರಿಯಲ್ಲಿ ಕುರಿ ಎಲ್ಲಿತ್ತು? ಪಾಲಯ್ಯ ಮೂರು ಸಲ ತಲೆಯನ್ನು ಅಡ್ಡಡ್ಡ ಆಡಿಸಿದ. ಆ ಕೈ ಬಿಡಲಿಲ್ಲ. ನಾಲ್ಕನೆಯ ಸಲ ತಲೆ ತಗ್ಗಿಸಿ ಒಪ್ಪಿಕೊಂಡ. ಆಸಾಮಿ ತನ್ನನ್ನು ಯಾರಿಗೋ ಮಾರಿಕೊಂಡ ಎಂದು ಚಿಕ್ಕತಿಮ್ಮಪ್ಪ ತೀರ್ಮಾನಿಸಿದ. ಟೀ ಹಂಚುತ್ತ ಸುದ್ದಿಯನ್ನೂ ಹಂಚಿದ.

ಅಂದು ಶುಕ್ರವಾರ. ಸಭೆಯ ಮುಂದಿದ್ದದ್ದು ಹಿರಿಯ ಕಾನೂನು ಅಧಿಕಾರಿ ಸರ್ವಮಂಗಳ ಅವರ ಸಂಬಳ. ಅವರ ಗುತ್ತಿಗೆ ಶನಿವಾರಕ್ಕೆ ಮುಗಿಯುತ್ತಿತ್ತು. ಮರುನೇಮಕ, ಹೊಸ ಸಂಬಳ ಎರಡೂ ಒಂದೇ ಠರಾವಿನಲ್ಲಿದ್ದವು. ತಮ್ಮ ಸಂಬಳದ ಮಾತು ಬಂದಾಗ ಅಧಿಕಾರಿ ಹೊರಗೆ ಹೋಗುವುದು ರೂಢಿ. ಸರ್ವಮಂಗಳ ಹೊರಗಿನ ಬೆಂಚಿನಲ್ಲಿ ಕಡತ ಮಡಿಲಲ್ಲಿಟ್ಟು ಕೂತಿದ್ದರು.

ಕಡತ ಕುರಿ ಸಂತೆ ಮೈದಾನದ್ದು. ಹೆದ್ದಾರಿ ಬದಿಯ ನಾಲ್ಕು ಎಕರೆ ತಮ್ಮದೆಂದು ಸೈಟು ಮಾರುವವರು ದಾವೆ ಹಾಕಿದ್ದರು. ಸರ್ವಮಂಗಳ ಆರು ವರ್ಷ ಒಬ್ಬರೇ ಬಡಿದಾಡಿದ್ದರು. ಸೋಮವಾರ ಅಂತಿಮ ವಾದ. ಅಂದು ಬಾರದವರ ವಾದ ಇಲ್ಲವೆಂದೇ ಬರೆದುಕೊಳ್ಳುತ್ತೇನೆ ಎಂದು ನ್ಯಾಯಾಧೀಶರು ಮೊದಲೇ ಹೇಳಿದ್ದರು. ಮೈದಾನ ಹೋದರೆ ಧರ್ಮಪುರ, ಆದಿವಾಲದ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಪಾಲಯ್ಯನ ಜನಕ್ಕೆ ನಿಲ್ಲಲು ನೆಲವಿರಲಿಲ್ಲ.

ಸದಸ್ಯ ಜಂಬಣ್ಣ ಎದ್ದ. ಅಡಕೆ, ಸಿಮೆಂಟು, ಮಾತು ಮೂರರಲ್ಲೂ ವ್ಯಾಪಾರಿ.

“ಆ ತಾಯಿ ಇಲ್ದಿದ್ರೆ ಊರಿನ ಆಸ್ತಿ ಯಾವಾಗ್ಲೋ ನೀರುಪಾಲಾಗಿರೋದು. ತೊಂಬತ್ತು ಸಾವಿರ ಮಾಡ್ರಿ. ಕಮ್ಮಿ ಕೊಟ್ರೆ ನಮಗೇ ನಾಚಿಕೆ.”

ಸದಸ್ಯರು ಮೇಜು ಕುಟ್ಟಿದರು. ಪೌರಾಯುಕ್ತ ನಾಗಭೂಷಣ ಕೆಮ್ಮಿದರು. “ಐವತ್ತು ದಾಟಿದ್ರೆ ಬೆಂಗಳೂರಿಂದ ಮಂಜೂರಾತಿ ಬರ್ಬೇಕು.”

“ಬರ್ಲಿ ಬಿಡ್ರಿ. ತಡ ಆದ್ರೂ ಆ ತಾಯಿಗೆ ಸಿಗೋದು ಸಿಗ್ಲಿ.”

ಆಗ ಪಾಲಯ್ಯ ಎದ್ದು ನಿಂತ.

“ಐವತ್ತರ ಮ್ಯಾಲೆ ಒಂದ್ ರೂಪಾಯಿ ಕೊಡಬ್ಯಾಡ್ರಿ. ಪೌರಕಾರ್ಮಿಕರಿಗೆ ಮೂರು ತಿಂಗ್ಳಿಂದ ಸಂಬ್ಳ ಆಗಿಲ್ಲ. ಇವ್ರಿಗೆ ತೊಂಬತ್ತಾ? ಪೇಪರ್‌ನೋರು ಕುಂತವ್ರೆ, ಬರ್ಕಳ್ಳಿ.”

ಕುಟ್ಟುತ್ತಿದ್ದ ಕೈಗಳು ಮೇಜಿನಿಂದ ಕೆಳಗಿಳಿದವು. ಪೇಪರ್ ಎಂದರೆ ಎಲ್ಲರಿಗೂ ಅಂಜಿಕೆ. ಜಂಬಣ್ಣ ಬೇಡಿದ, ಬೈದ, ಮೇಜು ಕುಟ್ಟಿದ. ಒಬ್ಬರ ಒಳ್ಳೆಯದಕ್ಕೆ ಒಬ್ಬ ವ್ಯಾಪಾರಿ ಅಷ್ಟು ಬೆವರಿದ್ದನ್ನು ಊರು ಕಂಡಿರಲಿಲ್ಲ. ಕೊನೆಗೆ ಕೈ ಎತ್ತಿಸಿದರು. ಎರಡು ಕೈ ಹೆಚ್ಚಾಗಿ ಪಾಲಯ್ಯ ಗೆದ್ದ. ಸಂಬಳ ಐವತ್ತು ಸಾವಿರ.

ಹೊರಗೆ ಅವನ ಅತ್ತಿಗೆ ಉಚ್ಚಂಗಮ್ಮ ಕಾದಿದ್ದಳು, ಹಿಂದೆ ಹಟ್ಟಿಯ ಜನ.

“ಏನಪ್ಪ, ಉಂಡ ಮನೆ ಜಂತೆ ಎಣಿಸಿದ್ಯಲ್ಲೋ! ನಮಗೋಸ್ಕರ ಓಡಾಡಿದ ಹೆಣ್ಮಗಳು. ಮಗಳು ಸುಷ್ಮಿತಾನ ಓದ್ಸಾಕೆ ಕೈಬಳೆ ಸಹಿತ ಮಾರ್ಕೊಂಡವ್ಳೆ. ಟವೆಲ್ ಕೆಳಗೆ ಎಷ್ಟಕ್ಕೆ ಕುದುರ್ತು ನಿಂದು?”

“ಅತ್ತಿಗೆ, ಸೋಮವಾರ ಕೋರ್ಟಿಗೆ ಬಾ” ಎಂದಷ್ಟೇ ಹೇಳಿದ. ಬೆಂಚಿನ ಮುಂದೆ ಹಾದು ಹೋದ. ಸರ್ವಮಂಗಳ ತಲೆ ಎತ್ತಲಿಲ್ಲ. ಎರಡು ದಿನ ಹಟ್ಟಿಯಲ್ಲಿ ಅವನಿಗೆ ನೀರು ಕೊಟ್ಟವರಿಲ್ಲ. ಅವನಿಗೆ ಅಳು ಬಂತು, ಅತ್ತ.

ಸೋಮವಾರ ಸರ್ವಮಂಗಳ ಒಂದೂವರೆ ತಾಸು ವಾದಿಸಿದರು. ಎದುರು ವಕೀಲರಿಗೆ ತಯಾರಿಯೇ ಇರಲಿಲ್ಲ. ಅಂದು ಎದುರಾಳಿಯೇ ಇರುವುದಿಲ್ಲ ಎಂದು ನಂಬಿ ಬಂದವರಂತೆ ತಡಬಡಿಸಿ, ಕೈಗೆ ಸಿಕ್ಕ ಕಾಗದವನ್ನೆಲ್ಲ ಕಟ್ಟಿ ನ್ಯಾಯಾಧೀಶರಿಗೆ ಕೊಟ್ಟರು. ಅದರಲ್ಲಿ ಕೊಡಬಾರದ ಒಂದು ಹಾಳೆಯೂ ಸೇರಿತ್ತು. ನ್ಯಾಯಾಧೀಶರು ಗಟ್ಟಿಯಾಗಿ ಓದಿದರು.

“‘ಸಂಬಳಕ್ಕೆ ಸರ್ಕಾರದ ಮಂಜೂರಾತಿ ಬಾರದ ಕಾರಣ ಕಾನೂನು ಅಧಿಕಾರಿಯ ಮರುನೇಮಕ ಜಾರಿಯಾಗಿಲ್ಲ. ನಗರಸಭೆಯ ಪರ ವಾದಿಸಲು ಯಾರೂ ಇಲ್ಲ.’ ಏನಿದು? ತಾರೀಖು ಗುರುವಾರದ್ದು. ನಗರಸಭೆಯ ಸಭೆ ಆದದ್ದು ಶುಕ್ರವಾರ ಅಲ್ಲವೇ?”

ಸೈಟು ಮಾರುವವರ ಬೆನ್ನ ಹಿಂದೆ ಕೂತಿದ್ದ ಜಂಬಣ್ಣ ಮೆಲ್ಲಗೆ ಎದ್ದು ಹೊರಟ.

ಉಚ್ಚಂಗಮ್ಮ ಅವನನ್ನೇ ನೋಡಿದಳು. ಆಮೇಲೆ ಅಂಗಳಕ್ಕೆ ಬಂದು ಮೈದುನನ ತೋಳು ಹಿಡಿದಳು. ಕಣ್ಣು ತುಂಬಿದ್ದವು.

“ತೊಂಬತ್ತು ಕೊಡ್ತೀವಿ ಅಂದಿದ್ದು ಆಯಮ್ಮನ ಕುರ್ಚಿ ಕಿತ್ಕಳ್ಳಾಕಾ? ಯಪ್ಪಾ, ಸುಮ್ಸುಮ್ನೆ ಬೈದೆ ನಿನ್ನ. ಅಲ್ಲಲೇ, ಇದೆಲ್ಲ ನಿಂಗೆ ಹೆಂಗೆ ತಿಳೀತು? ಅವತ್ತು ಟವೆಲ್ ಕೆಳಗೆ ಯಾರ ಕೈ ಇತ್ತು?”

“‘ತೊಂಬತ್ತು ನಾನೇ ಬ್ಯಾಡ ಅಂದ್ರೆ ಅವ್ರು ಬೇರೆ ದಾರಿ ಹುಡುಕ್ತಾರೆ, ನೀನೇ ಬೈಸ್ಕೋಬೇಕು’ ಅಂತ ಆ ಕೈ ಬಿಡ್ಲೇ ಇಲ್ಲ ಅತ್ತಿಗೆ” ಎಂದ ಪಾಲಯ್ಯ.

ಅಂಗಳದಾಚೆ ಸರ್ವಮಂಗಳ ಸ್ಕೂಟರ್ ಏರಿದರು, ಅವನತ್ತ ತಿರುಗಿದರು, ಬಳೆಯಿಲ್ಲದ ಬಲಗೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದರು.